ಶನಿವಾರ-ಭಾನುವಾರಕ್ಕೆ ಪುತ್ತೂರೋ, ತೀರ್ಥಹಳ್ಳಿಯೋ? ಅಪ್ಪನಿಗೆ ಅಡಿಕೆ ಸುಗ್ಗಿ ತೋರಿಸಬೇಕು

ಕುಂಜಿಬೆಟ್ಟು ಮನೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಉಡುಪಿಯಿಂದ ಹೊರಟು, ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು. ಸಣ್ಣ ಕಾರು. ನಾನು, ನಮ್ಮವರು, ಇಬ್ಬರು ಮಕ್ಕಳು, ಮತ್ತೆ ನನ್ನ ಅಪ್ಪ. ಈ ತಿರುಗಾಟ ಅಪ್ಪನಿಗಾಗಿಯೇ.

ಅಪ್ಪನಿಗೆ ಈಗ 76. ಕಾರ್ಕಳದ ಹತ್ತಿರ ನಮಗೊಂದು ಸಣ್ಣ ಅಡಿಕೆ ತೋಟ ಇತ್ತು. ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಅಪ್ಪನ ಭಾಗಕ್ಕೆ ಬಂದದ್ದರಲ್ಲಿ ನೀರಿನ ಆಸರೆ ಇರಲಿಲ್ಲ, ಮಾರಿ ಇಲ್ಲಿಗೆ ಬಂದರು. ತೋಟ ಕೈಬಿಟ್ಟು ವರ್ಷಗಳೇ ಆದವು. ಆದರೂ ನವೆಂಬರ್ ಬಂತೆಂದರೆ ಬೆಳಿಗ್ಗೆ ಎದ್ದ ಕೂಡಲೇ ಟೆರೇಸಿಗೆ ಹೋಗಿ ಮೋಡ ನೋಡುತ್ತಾರೆ. ಮೋಡ ಕಂಡಿತೋ, "ಯಾರ ಅಂಗಳದಲ್ಲಿ ಎಷ್ಟು ಅಡಿಕೆ ಉಂಟೋ ಎಂತದೋ" ಎಂದು ಚಡಪಡಿಸುತ್ತಾರೆ. ಪೇಪರ್ ಬಿಡಿಸಿದರೆ ಮೊದಲು ನೋಡುವುದು ಅಡಿಕೆ ಧಾರಣೆ. ಹೊಸ ಅಡಿಕೆಗೆ ಎಷ್ಟು, ಹಳತಕ್ಕೆ ಎಷ್ಟು, ಪಟೋರಕ್ಕೆ ಎಷ್ಟು ಎಂದು ಅಮ್ಮನಿಗೆ ಓದಿ ಹೇಳುತ್ತಿದ್ದರು. ಅಮ್ಮ ಹೋದ ಮೇಲೆ ಈಗ ನನಗೆ ಓದಿ ಹೇಳುತ್ತಾರೆ.

ನನ್ನ ಮಕ್ಕಳು ಅಡಿಕೆ ನೋಡಿದ್ದು ತಾಂಬೂಲದ ತಟ್ಟೆಯಲ್ಲಿ ಮಾತ್ರ. ಅಜ್ಜ ಇಷ್ಟು ಮಾತಾಡುವ ವಸ್ತು ಮರದಲ್ಲಿ ಹೇಗಿರುತ್ತದೆ, ಅಂಗಳಕ್ಕೆ ಹೇಗೆ ಬರುತ್ತದೆ ಎಂದು ಅಜ್ಜನ ಬಾಯಿಂದಲೇ, ಆ ಅಂಗಳದಲ್ಲೇ ನಿಂತು ಕೇಳಬೇಕು ಎಂಬುದು ನನ್ನ ಆಸೆ.

ನಮ್ಮವರು ಪುತ್ತೂರು ಅನ್ನುತ್ತಾರೆ. ಘಾಟಿ ಇಲ್ಲ, ಚಾಕಲೇಟ್ ಫ್ಯಾಕ್ಟರಿಯ ಊರು, ಮಕ್ಕಳಿಗೂ ಖುಷಿ. ನನ್ನ ಮನಸ್ಸು ತೀರ್ಥಹಳ್ಳಿ ಕಡೆಗೆ, ಯಾಕೆಂದರೆ ದೂರ ಕಡಿಮೆ, 85 ಕಿಲೋಮೀಟರ್ ಅಷ್ಟೆ. ಪುತ್ತೂರಿಗೆ ಮಂಗಳೂರಿನ ಮೇಲೆ ಹೋದರೆ ನೂರು ದಾಟುತ್ತದೆ. ಆದರೆ ತೀರ್ಥಹಳ್ಳಿಗೆ ಆಗುಂಬೆ ಘಾಟಿ ಹತ್ತಬೇಕು, ನಾಲ್ಕನೇ ಕ್ಲಾಸಿನ ಮಗಳಿಗೆ ತಿರುವಿನಲ್ಲಿ ವಾಂತಿ ಆಗುತ್ತದೆ. ಅಪ್ಪನಿಗೆ ಮಂಡಿ ನೋವು, ಗುಡ್ಡ ಹತ್ತುವುದು, ನೂರಾರು ಮೆಟ್ಟಿಲು ಎಲ್ಲ ಆಗುವುದಿಲ್ಲ. ಸಮತಟ್ಟಿನಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ.

ಎರಡೂ ಕಡೆ ಬಲ್ಲವರು ಹೇಳಿ. ನೋಡುವ ಜಾಗಗಳ ಪಟ್ಟಿ ಗೂಗಲಿನಲ್ಲಿ ಸಿಗುತ್ತದೆ. ಆ ವಾರ ಎಲ್ಲಿ ಕೆಲಸ ಜೋರಾಗಿ ನಡೆದಿರುತ್ತದೆ, ಎಲ್ಲಿ ನಮ್ಮಂಥವರನ್ನು ಅಂಗಳಕ್ಕೆ ಬಿಟ್ಟುಕೊಂಡಾರು, ಅದು ನನಗೆ ಬೇಕು.

ಕಬಕದ ಹುಡುಗ:

ಅಕ್ಕಾ, ಪುತ್ತೂರಿಗೇ ಬನ್ನಿ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಮನೆ ಕಬಕದಲ್ಲಿ. ಡಿಸೆಂಬರ್ ಎರಡನೇ ವಾರ ಅಂದರೆ ನಮ್ಮಲ್ಲಿ ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬಿದ್ದಿರುತ್ತದೆ. ಮಾಣಿಯಿಂದ ಈಚೆ ಬಂದರೆ ರಸ್ತೆ ಬದಿಯ ಮನೆಗಳ ಅಂಗಳವೆಲ್ಲ ಕಿತ್ತಳೆ ಬಣ್ಣ. ಹಣ್ಣಡಿಕೆ ಬಿಸಿಲಿಗೆ ಬಿದ್ದ ಮೊದಲ ವಾರದ ಬಣ್ಣ ಅದು, ಆಮೇಲೆ ಕಂದಾಗುತ್ತಾ ಹೋಗುತ್ತದೆ. ಸಿಪ್ಪೆ ಸಮೇತ 40-45 ದಿನ ಒಣಗಬೇಕು, ನಡುನಡುವೆ ಕಾಲಿನಿಂದ ಕೆದಕಿ ಮಗುಚುತ್ತಿರಬೇಕು. ನಿಮ್ಮ ಅಪ್ಪನಿಗೆ ಇದೆಲ್ಲ ನಾನು ಹೇಳಬೇಕಾಗಿಲ್ಲ, ಆದರೆ ಮಕ್ಕಳಿಗೆ ಆ ಮಗುಚುವ ಕೆಲಸ ಕೊಟ್ಟರೆ ಸಂಜೆವರೆಗೂ ಬಿಡುವುದಿಲ್ಲ. ನನ್ನ ತಂಗಿಯ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನಲ್ಲ.

ಈಗ ಸುಮಾರು ಮನೆಗಳಲ್ಲಿ ಪಾರದರ್ಶಕ ಶೀಟಿನ ಸೋಲಾರ್ ಗೂಡು ಬಂದಿದೆ. ಡಿಸೆಂಬರಿನಲ್ಲಿ ಅಕಾಲ ಮಳೆ ಬಿದ್ದರೆ ಅಂಗಳದ ಅಡಿಕೆಗೆ ಕಪ್ಪು ಹಿಡಿಯುತ್ತದೆ, ಅದಕ್ಕೆ. ನಿಮ್ಮ ಅಪ್ಪ ಮೋಡ ನೋಡುವುದು ಓದಿ ನನ್ನ ಅಜ್ಜನ ನೆನಪಾಯಿತು. ಅಂಥವರಿಗೆ ಆ ಗೂಡು ತೋರಿಸಲೇಬೇಕು, ಬಹಳ ಸಮಾಧಾನ ಆದೀತು.

ಚಾಕಲೇಟ್ ಫ್ಯಾಕ್ಟರಿ ವಿಷಯ. ಅದು ಕ್ಯಾಂಪ್ಕೋದ್ದು, ಕೆಮ್ಮಿಂಜೆಯಲ್ಲಿದೆ, 1986ರದ್ದು. ಕ್ಯಾಂಪ್ಕೋ ಹುಟ್ಟಿದ್ದು 1973ರಲ್ಲಿ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಬೆಳೆದ ರೈತರು ಕೊಳ್ಳುವವರಿಲ್ಲದೆ ಕಂಗೆಟ್ಟಾಗ ಕ್ಯಾಂಪ್ಕೋ ಕೊಕ್ಕೊ ಕೊಂಡಿತು, ಮುಂದೆ ಫ್ಯಾಕ್ಟರಿಯನ್ನೇ ಕಟ್ಟಿತು. ಆದರೆ ಒಳಗೆ ಬಿಡುತ್ತಾರೆ ಎಂದು ಎಣಿಸಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ಮೊದಲೇ ಫೋನ್ ಮಾಡಿ ಕೇಳಿ. ಅದಕ್ಕಿಂತ ಯಾವುದಾದರೂ ತೋಟದಲ್ಲಿ ಕೊಕ್ಕೊ ಮರ ತೋರಿಸಿ. ಕಾಂಡಕ್ಕೇ ಅಂಟಿಕೊಂಡು ಕಾಯಿ ಬಿಡುತ್ತದೆ, ಒಡೆದರೆ ಬೀಜದ ಸುತ್ತ ಬಿಳಿ ಲೋಳೆ, ಹುಳಿ-ಸಿಹಿ. ಚಾಕಲೇಟಿನ ರುಚಿ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಅರ್ಧ ದಿನ ಹೋಗುತ್ತದೆ.

ಇನ್ನೊಂದು ಮಾತು. ಮೊಟ್ಟೆತ್ತಡ್ಕದ ಗೇರು ಸಂಶೋಧನಾ ನಿರ್ದೇಶನಾಲಯ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಎರಡೂ ಕೇಂದ್ರ ಸರ್ಕಾರದವು, ಶನಿವಾರ-ಭಾನುವಾರ ರಜೆ. ವಿಟ್ಲದ್ದು 1956ರಿಂದ ಇದೆ, 'ಮಂಗಳ' ತಳಿ ಹೊರಬಂದದ್ದು ಅಲ್ಲಿಂದಲೇ. ನಿಮ್ಮ ಅಪ್ಪ ಮಂಗಳ ಗಿಡ ನೆಟ್ಟಿರಲೂಬಹುದು. ವಾರದ ದಿನ ರಜೆ ಹಾಕಿ ಬರಲು ಆದರೆ ಮಾತ್ರ ಅಲ್ಲಿಗೆ ಹೋಗಿ.

ಮಹಾಲಿಂಗೇಶ್ವರ ದೇವಸ್ಥಾನ ಸಮತಟ್ಟಿನಲ್ಲೇ ಇದೆ, ಅಪ್ಪನಿಗೆ ತೊಂದರೆ ಇಲ್ಲ. ಪರ್ಲಡ್ಕದ ಬಾಲವನಕ್ಕೂ ಹೋಗಿ, ಶಿವರಾಮ ಕಾರಂತರು ದಶಕಗಟ್ಟಲೆ ಬಾಳಿದ ಜಾಗ. ದಾರಿಗೆ, ಮಂಗಳೂರು ಟ್ರಾಫಿಕ್ ಬೇಡವೆಂದರೆ ಕಾರ್ಕಳ, ಮೂಡುಬಿದಿರೆ, ಸಿದ್ಧಕಟ್ಟೆ, ಬಂಟ್ವಾಳದ ಮೇಲೆ ಬನ್ನಿ. ಅಪ್ಪನಿಗೆ ಅವರ ಊರಿನ ದಾರಿಯೂ ಆಗುತ್ತದೆ. ಕಲ್ಲಡ್ಕದಲ್ಲಿ ಇಳಿದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗಬೇಡಿ.

ತುಂಗೆಯ ಸೊಸೆ:

ತಂಗೀ, ನಿಮ್ಮವರ ಮಾತು ಬರೆದಿರಿ, ನಿಮ್ಮ ಮನಸ್ಸು ಬರೆದಿರಿ, ಮಗಳ ವಾಂತಿ ಬರೆದಿರಿ. ಅಪ್ಪ ಏನು ಹೇಳಿದರು ಅಂತ ಎಲ್ಲೂ ಇಲ್ಲ. ಕೇಳಿದ್ದೀರಾ? ನಾನು ಹುಟ್ಟಿದ್ದು ವಿಟ್ಲದ ಕಡೆ, ಮದುವೆಯಾಗಿ ಹೋದದ್ದು ತೀರ್ಥಹಳ್ಳಿ ಕಡೆ, ಈಗ ಮಗನ ಜೊತೆ ಮಣಿಪಾಲದಲ್ಲಿದ್ದೇನೆ. ಎರಡೂ ಕಡೆಯ ಅಡಿಕೆ ಈ ಕೈಯಲ್ಲಿ ಆಗಿದೆ. ಅಪ್ಪನನ್ನು ಕೇಳಿ ಬಂದು ಹೇಳಿ, ಆಮೇಲೆ ಬರೆಯುತ್ತೇನೆ.

ಮಲ್ಲಿಗೆ ಚೆಂಡು:

ಇಷ್ಟು ದೂರ ಯಾಕೆ? ಶಂಕರಪುರ ಕೂಗಳತೆಯಲ್ಲಿದೆಯಲ್ಲ. ಬೆಳಕು ಹರಿಯುವ ಮೊದಲು ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವುದನ್ನು ಮಕ್ಕಳು ಒಮ್ಮೆ ನೋಡಲಿ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಏನೆಂದು ಕಟ್ಟೆಯಲ್ಲಿ ತೀರ್ಮಾನ ಆಗುವ ಹೊತ್ತಿಗೆ ನಮ್ಮ ಅಮ್ಮನ ಎದೆ ಹೊಡೆದುಕೊಳ್ಳುತ್ತದೆ, ಈಗಲೂ. ಚಳಿಗೆ ಹೂ ಕಡಿಮೆ, ಹಾಗಾಗಿ ಡಿಸೆಂಬರಿನಲ್ಲಿ ದರ ಮೇಲಿರುತ್ತದೆ. ಹಾಗೇ ಮಟ್ಟುವಿಗೆ ಇಳಿದರೆ ಗುಳ್ಳ ಬದನೆಯ ಗದ್ದೆ. ಒಂದೇ ಬೆಳಿಗ್ಗೆಯಲ್ಲಿ ಎರಡೂ ಆಗುತ್ತದೆ, ರಾತ್ರಿ ತಂಗುವ ಖರ್ಚೂ ಇಲ್ಲ.

ಕುಂಜಿಬೆಟ್ಟು ಮನೆ:

ಮಲ್ಲಿಗೆಯವರೇ, ಶಂಕರಪುರಕ್ಕೆ ಖಂಡಿತ ಹೋಗುತ್ತೇವೆ, ಇನ್ನೊಂದು ಭಾನುವಾರ. ಈ ಸಲ ಅಡಿಕೆ.

ಅಕ್ಕ, ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. ಮೊದಲು "ಎಲ್ಲಿಗಾದರೂ ಆದೀತು, ಮಕ್ಕಳಿಗೆ ಎಲ್ಲಿ ಖುಷಿಯೋ ಅಲ್ಲಿಗೆ" ಎಂದರು. ಅವರು ಯಾವತ್ತೂ ಹೀಗೆಯೇ. ನಾನು ಬಿಡಲಿಲ್ಲ. ಮಜ್ಜಿಗೆ ಅನ್ನಕ್ಕೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ನಮ್ಮದೆಲ್ಲ ಚಾಲಿ, ಹಣ್ಣಾದ ಮೇಲೆ ಕೊಯ್ದು ಸಿಪ್ಪೆ ಸಮೇತ ಒಣಗಿಸುವುದು. ಘಟ್ಟದ ಮೇಲೆ ಹಸಿ ಅಡಿಕೆ ಸುಲಿದು ಬೇಯಿಸುತ್ತಾರಂತೆ. ಹಣ್ಣಾಗುವ ಮೊದಲೇ ಕೊಯ್ಯಲು ಅವರಿಗೆ ಹೇಗೆ ಮನಸ್ಸು ಬರುತ್ತದೋ, ಅದನ್ನೊಮ್ಮೆ ನೋಡಬೇಕಿತ್ತು." ಜೀವಮಾನ ಅಡಿಕೆಯಲ್ಲಿ ಕಳೆದವರು ಇದನ್ನು ನೋಡಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಸುಗ್ಗಿ ಸಮಯದಲ್ಲಿ ತೋಟ ಬಿಟ್ಟು ಹೊರಡಲು ಆಗುತ್ತಿರಲಿಲ್ಲ, ತೋಟ ಹೋದ ಮೇಲೆ ಕರೆದವರಿಲ್ಲ.

ನಮ್ಮವರು ಅಲ್ಲೇ ಕೂತಿದ್ದರು. "ಹಾಗಾದರೆ ಮುಗಿಯಿತು, ಘಾಟಿ ಹತ್ತುವ" ಎಂದರು. ಈಗ ನೀವು ಹೇಳಿ, ಎರಡನೇ ವಾರದಲ್ಲಿ ಬೇಯಿಸುವುದು ನೋಡಲು ಸಿಗುತ್ತದಾ?

ತುಂಗೆಯ ಸೊಸೆ:

ಸಿಗುತ್ತದೆ. ಆ ಹೊತ್ತಿಗೆ ತೀರ್ಥಹಳ್ಳಿ ಕಡೆ ಸುಗ್ಗಿ ಜೋರಾಗಿ ನಡೆದಿರುತ್ತದೆ. ಚಾಲಿ ಜನವರಿಯಲ್ಲೂ ಕಾಣುತ್ತದೆ, ಫೆಬ್ರುವರಿಯಲ್ಲೂ ಕಾಣುತ್ತದೆ, ಪುತ್ತೂರು ಎಲ್ಲಿಗೂ ಓಡಿ ಹೋಗುವುದಿಲ್ಲ. ನನ್ನ ತವರಿನ ಕಡೆಯದನ್ನು ಬಿಟ್ಟು ಘಟ್ಟಕ್ಕೆ ಹೋಗಿ ಅನ್ನುತ್ತಿದ್ದೇನೆ, ನಿಮ್ಮ ಅಪ್ಪನ ಆ ಒಂದು ಮಾತಿಗೋಸ್ಕರ. ನಾನು ಮದುವೆಯಾಗಿ ಹೋದ ವರ್ಷ ನನಗೂ ಹಾಗೇ ಅನ್ನಿಸಿತ್ತು. ಹಸಿರು ಕಾಯಿಯ ಗೊನೆ ಹಗ್ಗದಲ್ಲಿ ಸರ್ರನೆ ಇಳಿದು ಬರುವುದನ್ನು ನೋಡಿ, ಎಳೆಯದನ್ನೆಲ್ಲ ಹಾಳು ಮಾಡುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿದಿತ್ತು. ಹೀಗೆ ಬೇಯಿಸಿ ಮಾಡುವ ಕೆಂಪಡಿಕೆಗೆ ಕಾಯಿ ಬಲಿತು ಹಣ್ಣಾದರೆ ಆಗದು. ಎಳೆಯದಿದ್ದಷ್ಟೂ ಬೆಲೆ. ಹಸ, ಬೆಟ್ಟೆ, ಇಡಿ, ಗೊರಬಲು ಎಂದು ವಿಂಗಡಿಸುತ್ತಾರೆ. ಎಳೆಯ ಕಾಯಿಯ ಹಸಕ್ಕೆ ಎಲ್ಲಕ್ಕಿಂತ ಹೆಚ್ಚು ಧಾರಣೆ, ಬಲಿತು ಹೋದದ್ದು ಗೊರಬಲು, ಅದಕ್ಕೆ ಕಡಿಮೆ. ಅಪ್ಪನಿಗೆ ಇದೊಂದು ಮಾತು ಹೇಳಿ, ಹೊರಡುವವರೆಗೆ ಲೆಕ್ಕ ಹಾಕುತ್ತಿರುತ್ತಾರೆ.

ನೀವು ಶನಿವಾರ ಸಂಜೆ ಮುಟ್ಟಿ ಭಾನುವಾರ ಹೊರಡುವುದು ಬಹಳ ಒಳ್ಳೆಯದಾಯಿತು. ಯಾಕೆಂದರೆ ಸುಲಿಯುವುದು ರಾತ್ರಿಯ ಕೆಲಸ, ಬೇಯಿಸುವುದು ಬೆಳಗಿನ ಕೆಲಸ. ಹಗಲು ಬಂದು ಹಗಲೇ ಹೋಗುವವರಿಗೆ ಅಟ್ಟದ ಮೇಲೆ ಒಣಗಿದ ಕೆಂಪು ಅಡಿಕೆ ಕಾಣುತ್ತದೆಯೇ ಹೊರತು ಅದು ಹೇಗಾಯಿತು ಎಂದು ಕಾಣುವುದಿಲ್ಲ.

ಕತ್ತಲಾದ ಮೇಲೆ ಅಂಗಳದ ಚಪ್ಪರದಡಿ ಸುಲಿಯುವವರು ಸಾಲಾಗಿ ಕೂರುತ್ತಾರೆ. ಮಣೆಗೆ ನೆಟ್ಟ ಮೆಟ್ಟುಗತ್ತಿ, ಒಂದು ಕಾಲು ಮಣೆಯ ಮೇಲೆ. ಕಾಯಿಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಬೆಳ್ಳನೆ ಅಡಿಕೆ ಡಬ್ಬಕ್ಕೆ ಟಣ್ ಎಂದು ಬೀಳುತ್ತದೆ. ಕೂಲಿ ಡಬ್ಬದ ಲೆಕ್ಕ. ಕೈ ನೋಡದೆ ಸುಲಿಯುತ್ತಾರೆ. ಮಾತು, ನಗು, ಊರ ಸುದ್ದಿ ಎಲ್ಲ ನಡೆಯುತ್ತಿರುತ್ತದೆ, ಕತ್ತಿ ಮಾತ್ರ ನಿಲ್ಲುವುದಿಲ್ಲ. ಈಗ ಬಹಳ ಮನೆಗಳಲ್ಲಿ ಸುಲಿಯುವ ಯಂತ್ರ ಬಂದಿದೆ. ಕೆಲಸದವರು ಸಿಗುವುದಿಲ್ಲ, ತಪ್ಪು ಹೇಳುವ ಹಾಗಿಲ್ಲ. ಆದರೂ ಚೆನ್ನಾಗಿ ಎಳೆಯ ಕಾಯಿಯನ್ನು ಕೈಯಲ್ಲೇ ಸುಲಿಸುವವರು ಇದ್ದಾರೆ. ನೀವು ಹೋಗುವ ಮನೆಯಲ್ಲಿ ಕೈಸುಲಿ ಇದೆಯಾ ಎಂದು ಮೊದಲೇ ಕೇಳಿ. ಮಕ್ಕಳನ್ನು ಕತ್ತಿಯ ಹತ್ತಿರ ಬಿಡಬೇಡಿ, ಎಷ್ಟು ಹಟ ಮಾಡಿದರೂ.

ಬೆಳಿಗ್ಗೆ ಬೇಗ ಏಳಿಸಿ. ದೊಡ್ಡ ಹಂಡೆಗೆ ನೀರು, ಅದಕ್ಕೆ ಹಿಂದಿನ ಸಲ ಬೇಯಿಸಿದಾಗ ಉಳಿಸಿಟ್ಟ ಚೊಗರು, ಅಂದರೆ ಅಡಿಕೆ ಬೆಂದ ನೀರು. ಅದೇ ಅಡಿಕೆಗೆ ಬಣ್ಣ ಕೊಡುವುದು. ಸುಗ್ಗಿ ಮುಂದುವರಿದಂತೆ ಚೊಗರು ಗಟ್ಟಿಯಾಗುತ್ತಾ ಕಾಕಂಬಿಯ ಹಾಗೆ ಆಗುತ್ತದೆ, ಆಗ ಬಂದ ಬಣ್ಣವೇ ಬಣ್ಣ. ಬೆಂದಿದೆಯಾ ಎಂದು ಒಂದು ಕಾಯಿ ಎತ್ತಿ ಸೀಳಿ ನೋಡುತ್ತಾರೆ. ನಮ್ಮ ಅತ್ತೆ ಸೀಳುತ್ತಲೂ ಇರಲಿಲ್ಲ, ಹಂಡೆಯ ಮೇಲಿನ ನೊರೆ ನೋಡಿ "ತೆಗಿ" ಎನ್ನುತ್ತಿದ್ದರು, ನಾನು ಇಷ್ಟು ವರ್ಷ ಪಕ್ಕದಲ್ಲಿ ನಿಂತರೂ ಅದು ನನಗೆ ದಕ್ಕಲಿಲ್ಲ. ಬೆಂದದ್ದನ್ನು ಜರಡಿಯಲ್ಲಿ ಬಸಿದು, ಅಡಿಕೆ ದಬ್ಬೆ ಹಾಸಿದ ಅಟ್ಟದ ಮೇಲೆ ಹರಡುತ್ತಾರೆ. ಚಾಲಿಗೆ ಒಂದೂವರೆ ತಿಂಗಳು ಬೇಕಾದರೆ ಇದು ಒಳ್ಳೆ ಬಿಸಿಲಿದ್ದರೆ ವಾರದ ಕೆಲಸ.

ಒಂದು ವಿಷಯ ಮನಸ್ಸಿಟ್ಟು ಕೇಳಿ. ಈಗ ಕೆಲವು ವರ್ಷಗಳಿಂದ ನಮ್ಮ ಕಡೆ ಎಲೆಚುಕ್ಕಿ ರೋಗ. ಆಗುಂಬೆಯಿಂದ ಮುಂದೆ ಹೋಗುವಾಗ ನೀವೇ ನೋಡುತ್ತೀರಿ, ಸೋಗೆ ಸುಟ್ಟಂತೆ ಕೆಂಪಗಾಗಿ ಜೋತುಬಿದ್ದಿರುತ್ತದೆ. ಕೊಳೆರೋಗಕ್ಕಾದರೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯುತ್ತಿದ್ದೆವು, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದು ನಿಮ್ಮ ಅಪ್ಪನಿಗೂ ಗೊತ್ತು. ಇದು ಅಷ್ಟಕ್ಕೆ ಬಗ್ಗುವುದಿಲ್ಲ. ಫಸಲು ಅರ್ಧಕ್ಕೆ ಇಳಿದ ಮನೆಗಳಿವೆ. ಹಾಗಾಗಿ ಹೋದ ಮನೆಯಲ್ಲಿ "ಎಷ್ಟು ಎಕರೆ, ಎಷ್ಟು ಕ್ವಿಂಟಲ್, ಒಳ್ಳೆ ದುಡ್ಡಲ್ಲವಾ" ಎಂದು ದಯವಿಟ್ಟು ಕೇಳಬೇಡಿ. ನಿಮ್ಮ ಅಪ್ಪನನ್ನು ಮುಂದೆ ಬಿಡಿ. ತೋಟ ಮಾಡಿದವರಿಗೆ ತೋಟ ಮಾಡಿದವರ ಹತ್ತಿರ ಏನು ಮಾತಾಡಬೇಕೆಂದು ಗೊತ್ತಿರುತ್ತದೆ.

ಪೇಟೆಯಲ್ಲಿ ಲಾಡ್ಜ್ ಮಾಡಬೇಡಿ. ನನ್ನ ಮೈದುನನ ಮನೆ ಪೇಟೆಯಿಂದ ಸ್ವಲ್ಪ ಆಚೆ. ಫೋನ್ ನಂಬರ್ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಸುಗ್ಗಿಯ ಗಡಿಬಿಡಿಯಲ್ಲಿ ಉಪಚಾರ ಹೆಚ್ಚಿರುವುದಿಲ್ಲ, ಆದರೆ ಕಡುಬು-ಚಟ್ನಿ, ಅಕ್ಕಿ ರೊಟ್ಟಿಗೆ ಕೊರತೆ ಇಲ್ಲ.

ಭಾನುವಾರ ಹತ್ತು ಗಂಟೆಯ ಮೇಲೆ ಬೇಕಾದರೆ ಪೇಟೆಗೆ ಬಂದು ರಾಮೇಶ್ವರ ದೇವಸ್ಥಾನ, ತುಂಗೆ ನೋಡಿ. ಪರಶುರಾಮ ಕೊಡಲಿ ತೊಳೆದ ತೀರ್ಥ ಇಲ್ಲೇ ಎನ್ನುತ್ತಾರೆ. ಎಳ್ಳಮಾವಾಸ್ಯೆಗೆ ಜಾತ್ರೆ, ತೆಪ್ಪೋತ್ಸವ. ಕ್ಯಾಲೆಂಡರ್ ನೋಡಿಕೊಳ್ಳಿ, ಆ ದಿನಗಳೇ ಆದರೆ ಜನಜಂಗುಳಿಯಲ್ಲಿ ಅಪ್ಪನಿಗೆ ಕಷ್ಟ. ಕುಪ್ಪಳಿಯ ಕವಿಮನೆಗೆ ಹೋಗಲೇಬೇಕು. ಕುವೆಂಪು ಹೆಸರಿಗಾಗಿ ಎಲ್ಲರೂ ಹೋಗುತ್ತಾರೆ. ನೀವು ಆ ನಡು ಅಂಗಳ, ಹಳೆ ಪಾತ್ರೆ, ತೋಟದ ಸಾಮಾನುಗಳನ್ನು ಅಪ್ಪನ ಜೊತೆ ನೋಡಿ. ಮಹಡಿ ಹತ್ತುವುದು ಬೇಡ, ಕೆಳಗೇ ಬೇಕಾದಷ್ಟಿದೆ. ಕವಿಶೈಲಕ್ಕೆ ಕಾರು ಹೋಗುತ್ತದೆ. ಚಿಬ್ಬಲಗುಡ್ಡೆಯಲ್ಲಿ ಹೊಳೆಯ ಮೀನಿಗೆ ಮಂಡಕ್ಕಿ ಹಾಕಿಸಿದರೆ ಮಕ್ಕಳಿಗೂ ಅವರ ಪಾಲು ಸಿಕ್ಕಂತಾಯಿತು. ಕವಲೇದುರ್ಗ ಈ ಸಲ ಬಿಡಿ, ಹತ್ತಬೇಕು.

ಹೆಬ್ರಿ ಡ್ರೈವರ್:

ಮಗುವಿನ ವಾಂತಿ ವಿಷಯಕ್ಕೆ ಬರೆಯುತ್ತಿದ್ದೇನೆ. ಸೋಮೇಶ್ವರದಿಂದ ಆಗುಂಬೆಗೆ 14 ಹಿಮ್ಮುರಿ ತಿರುವು. ವಾಂತಿ ಆಗುವುದು ಹೆಚ್ಚಾಗಿ ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡುತ್ತಾ ಕೂತ ಮಕ್ಕಳಿಗೆ. ಮಗಳು ನಡುವೆ ಕೂತು ಮುಂದಿನ ರಸ್ತೆ ನೋಡುವ ಹಾಗೆ ಮಾಡಿ, ಕಿಟಕಿ ಇಳಿಸಿ, ಎ.ಸಿ. ಬೇಡ. ಮಧ್ಯಾಹ್ನದ ಊಟ ಹಗುರ ಇರಲಿ. ಸೋಮೇಶ್ವರದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಎಲ್ಲರೂ ಇಳಿದು ಕೈಕಾಲು ಆಡಿಸಿ, ಬಾಯಿಗೆ ಒಂದು ಚೂರು ಶುಂಠಿಯೋ ಹುಣಸೆ ಮಿಠಾಯಿಯೋ ಕೊಟ್ಟು ಹೊರಡಿ. ಮೇಲೆ ಹತ್ತುವಾಗ ಅಷ್ಟು ತೊಂದರೆ ಆಗುವುದಿಲ್ಲ, ಗಾಡಿ ನಿಧಾನ ಇರುತ್ತದೆ. ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಬಿದ್ದು ಹೊಟ್ಟೆ ತೊಳಸುವುದು. ಅದಕ್ಕೆ ಬರುವಾಗ ಎರಡನೇ ಗೇರಿನಲ್ಲೇ ಇಳಿಸಲು ನಿಮ್ಮವರಿಗೆ ಹೇಳಿ. ಎದುರಿನಿಂದ ಹತ್ತುವ ಗಾಡಿಗೆ ಮೊದಲು ದಾರಿ.

ಘಾಟಿಯಲ್ಲಿ ಮಂಗಗಳಿಗೆ ತಿನ್ನಲು ಹಾಕಬೇಡಿ, ದೊಡ್ಡವರೇ ಹಾಕುವುದನ್ನು ದಿನಾ ನೋಡಿ ಬೇಸರವಾಗಿದೆ. ಅವು ರಸ್ತೆಗೆ ಬಂದು ಚಕ್ರದಡಿ ಸಾಯುತ್ತವೆ.

ಸೂರ್ಯಾಸ್ತದ ಕಟ್ಟೆಯಲ್ಲಿ ಶನಿವಾರ ಸಂಜೆ ಆರರ ಹೊತ್ತಿಗೆ ವಿಪರೀತ ಗಾಡಿ. ನಾಲ್ಕೂವರೆಗೆಲ್ಲ ದಾಟಿಬಿಟ್ಟರೆ ಬೆಳಕಿನಲ್ಲೇ ತೀರ್ಥಹಳ್ಳಿ. ಭಾನುವಾರ ಮೂರು ಗಂಟೆಗೆ ಅಲ್ಲಿಂದ ಬಿಡಿ. ಕತ್ತಲಲ್ಲಿ, ಮಂಜಿನಲ್ಲಿ ಇಳಿಯುವುದು ಅಭ್ಯಾಸ ಇಲ್ಲದವರಿಗೆ ಬೇಡವೇ ಬೇಡ. ಬಾಳೆಬರೆ ಘಾಟಿಯ ಮೇಲೆ ಸುತ್ತಿ ಹೋಗಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲೂ ತಿರುವು ಇದೆ, ದೂರವೂ ಹೆಚ್ಚು.

ಕಬಕದ ಹುಡುಗ:

ಅಕ್ಕಾ, ನಿಮ್ಮ ಅಪ್ಪ ಹೇಳಿದ್ದನ್ನು ಓದಿದ ಮೇಲೆ ನಾನೂ ತೀರ್ಥಹಳ್ಳಿ ಎಂದೇ ಹೇಳುತ್ತೇನೆ. ಪುತ್ತೂರಿಗೆ ಜನವರಿ ಕೊನೆಗೆ ಬನ್ನಿ, ಸಾಮಾನ್ಯವಾಗಿ ಆ ಹೊತ್ತಿಗೆ ದೇವಸ್ಥಾನದ ಎದುರಿನ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಕಂಬಳ. ನಮ್ಮ ಮನೆಯ ಅಂಗಳದಲ್ಲಿ ಎರಡನೇ ಕೊಯ್ಲಿನ ಅಡಿಕೆ ಇರುತ್ತದೆ. ನಿಮ್ಮ ಅಪ್ಪನ ಕೈಗೆ ಒಂದು ಹಿಡಿ ಕೊಟ್ಟು, ಒಣಗಿತಾ ಇಲ್ಲವಾ ಎಂದು ನಾನೇ ಕೇಳುತ್ತೇನೆ. ನಮ್ಮ ಅಮ್ಮನಿಗೂ ಹೇಳಿಟ್ಟಿದ್ದೇನೆ.

ಕುಂಜಿಬೆಟ್ಟು ಮನೆ:

ಎಲ್ಲರಿಗೂ ಹೇಗೆ ಉಪಕಾರ ತೀರಿಸುವುದೋ ಗೊತ್ತಿಲ್ಲ. ತೀರ್ಥಹಳ್ಳಿಯೇ ಆಯಿತು. ಅಕ್ಕ, ನಿಮ್ಮ ಮೈದುನನವರಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಕೈಸುಲಿ ಇದೆಯಂತೆ, ಭಾನುವಾರ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುತ್ತಾರಂತೆ. ಐದು ನಿಮಿಷ ಮಾತಾಡಿ ಅಪ್ಪನ ಕೈಗೆ ಫೋನ್ ಕೊಟ್ಟೆ. ಇಬ್ಬರೂ ಮಾತಾಡಿದ್ದು ಎಷ್ಟೋ ಹೊತ್ತು. ಎಲೆಚುಕ್ಕಿಗೆ ಏನೇನು ಹೊಡೆದು ನೋಡಿದಿರಿ ಎಂದು ಅಪ್ಪ ಕೇಳುತ್ತಿದ್ದರು.

ಕೊನೆಯದಾಗಿ ಎರಡು ಪ್ರಶ್ನೆ. ಅವರಿಗೆ ಏನು ತೆಗೆದುಕೊಂಡು ಹೋಗಲಿ? ಉಳಿದದ್ದಕ್ಕೆ, ಊಟಕ್ಕೆ ಹಣ ಕೊಟ್ಟರೆ ಬೇಸರ ಮಾಡಿಕೊಳ್ಳುತ್ತಾರಾ?

ತುಂಗೆಯ ಸೊಸೆ:

ಹಣ ಕೊಡಬೇಡಿ, ಬೇಸರ ಮಾಡಿಕೊಳ್ಳುತ್ತಾರೆ. ಉಡುಪಿಯಿಂದ ಹೋಗುವವರು ಒಂದು ಚೆಂಡು ಮಲ್ಲಿಗೆ ಒಯ್ದರೆ ನನ್ನ ಓರಗಿತ್ತಿಗೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ, ಬಾಳೆಲೆಯಲ್ಲಿ ಸುತ್ತಿ ಮೇಲೆ ನೀರು ಚಿಮುಕಿಸಿ ಇಡಿ. ನಾಲ್ಕು ಮಟ್ಟುಗುಳ್ಳ ಸಿಕ್ಕಿದರೆ ಅದನ್ನೂ ಒಯ್ಯಿರಿ. ಸುಲಿಯುವವರಿಗೆಲ್ಲ ಸೇರಿ ಏನಾದರೂ ಬೇಕರಿ ತಿಂಡಿ, ರಾತ್ರಿ ಚಹಾದ ಜೊತೆ ಹಂಚಲು.

ಅಪ್ಪನಿಗೆ ಸ್ವೆಟರ್, ತಲೆಗೆ ಮಫ್ಲರ್ ಮರೆಯಬೇಡಿ, ರಾತ್ರಿ ಅಂಗಳದಲ್ಲಿ ಚಳಿ ಹಿಡಿಯುತ್ತದೆ. ಕೆಳಗೆ ಕೂರಲು ಮಂಡಿ ಬಿಡದಿದ್ದರೆ ಒಂದು ಸ್ಟೂಲ್ ಹಾಕಿಸಲು ನಾನೇ ಹೇಳುತ್ತೇನೆ. ಮಕ್ಕಳಿಗೆ ಹಳೆ ಬಟ್ಟೆ ಹಾಕಿಸಿ. ಚೊಗರು ತಾಗಿದರೆ ಆ ಕಲೆ ಯಾವ ಸೋಪಿಗೂ ಹೋಗುವುದಿಲ್ಲ.